ಬಂಡೆಯ ಹಿಂದಿನ ಸಾಲು

ಜೂನ್ ೫

ಅತ್ತಿಗೆಗೆ ನಮಸ್ಕಾರ,

ಈ ಪತ್ರದ ಜೊತೆ ಹಾಲಿನ ವ್ಯಾನಿನವನ ಕೈಲಿ ಒಂದು ಪೊಟ್ಟಣ ಕಳಿಸಿದ್ದೀನಿ. ಒಳಗೆ ಕಪ್ಪು ಪುಡಿ ಇದೆ. ನೋಡೋಕೆ ಒಲೆ ಮಸಿ ಥರ ಕಾಣುತ್ತೆ ಅಂತ ಗುಡಿಸಿ ಎಸೆದುಬಿಟ್ಟೀರಿ. ಅದರಲ್ಲಿ ನನ್ನ ಹನ್ನೊಂದು ವರ್ಷದ ಕೆಲಸ ಇದೆ.

ಫೋನ್ ಮಾಡೋಣ ಅಂದ್ರೆ ನಿಮ್ಮ ಕಿವಿಗೆ ಅದು ಬರೀ ಗುಯ್ ಅನ್ನುತ್ತೆ. ಅಣ್ಣ ಎತ್ತಿದ್ರೆ "ಹೂಂ" ಬಿಟ್ಟು ಎರಡನೇ ಮಾತಿಲ್ಲ. ಅದಕ್ಕೇ ಉದ್ದಕ್ಕೆ ಬರೀತಿದ್ದೀನಿ, ಬೈಕೊಳ್ಳದೆ ಓದಿ.

ನಮ್ಮ ಮೇಲಿನ ತುಂಡು ಹೊಲದ್ದು ಹುಳಿ ಮಣ್ಣು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬೀನ್ಸ್ ಹಾಕಿದ್ರೆ ಗೇಣುದ್ದ ಬಂದು ಹಳದಿಯಾಗಿ ಮುರುಟಿಹೋಗುತ್ತೆ. ಬೀನ್ಸು, ಅಲಸಂದೆ ಇಂಥ ಗಿಡಗಳ ಬೇರಲ್ಲಿ ಒಂದು ಜಾತಿ ಬ್ಯಾಕ್ಟೀರಿಯಾ ಗಂಟು ಕಟ್ಟಿಕೊಂಡು ಸಂಸಾರ ಮಾಡುತ್ತೆ. ಗಾಳಿಯಲ್ಲಿರೋ ಸಾರಜನಕ ಹಿಡಿದು ಗಿಡಕ್ಕೆ ಉಣ್ಣಿಸುತ್ತೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತೆ. ಹುಳಿ ಮಣ್ಣಲ್ಲಿ ಅದು ಬಾಳೋದಿಲ್ಲ. ನನ್ನದು ಬಾಳುತ್ತೆ. ಹಳೇ ಗಣಿಯ ಕಸದ ದಿಬ್ಬದಲ್ಲಿ, ಹುಲ್ಲೂ ಹುಟ್ಟದ ಕಡೆ, ಒಂದು ಕಾಡು ಬಳ್ಳಿಯ ಬೇರಲ್ಲಿ ಸಿಕ್ಕಿದ್ದು. ಆ ದಿಬ್ಬ ಸಪಾಟು ಮಾಡಿ ಈಗ ಗೋದಾಮು ಕಟ್ಟಿದ್ದಾರೆ. ಹಾಗಾಗಿ ಅದು ಉಳಿದಿರೋದು ನಮ್ಮ ಕೋಲ್ಡ್ ರೂಮಿನ ನಾಲ್ಕು ಗಾಜಿನ ಟ್ಯೂಬಲ್ಲಿ, ಮತ್ತೆ ನಿಮ್ಮ ಕೈಲಿರೋ ಪೊಟ್ಟಣದಲ್ಲಿ.

ಲ್ಯಾಬು ಹೊಸ ಕಟ್ಟಡಕ್ಕೆ ಹೋಗ್ತಿದೆ. ಅಲ್ಲಿ ಜಾಗ ಕಮ್ಮಿ. ಈ ಹಂಗಾಮಿನಲ್ಲಿ ಹೊಲದಲ್ಲಿ ಕೆಲಸ ಮಾಡಿ ತೋರಿಸಿದ್ದನ್ನು ಮಾತ್ರ ಒಯ್ಯೋದು, ಮಿಕ್ಕಿದ್ದನ್ನು ಬೇಯಿಸಿ ಚೆಲ್ಲೋದು ಅಂತ ದೊಡ್ಡ ಸಾಹೇಬರು ಹೇಳಿಬಿಟ್ಟಿದ್ದಾರೆ. ಸಂಸ್ಥೆಯ ಹೊಲಗಳಲ್ಲೆಲ್ಲ ಒಳ್ಳೇ ಮಣ್ಣೇ. ನನಗೆ ಗೊತ್ತಿರೋ ಮಣ್ಣಲ್ಲಿ ಅತಿ ಕೆಟ್ಟದ್ದು ನಮ್ಮದು.

ತುಂಡನ್ನು ಎರಡು ಪಾಲು ಮಾಡಿ. ಒಂದು ಪಾಲಿನ ಬೀಜಕ್ಕೆ ಸಕ್ಕರೆ ನೀರು ಸವರಿ, ಈ ಪುಡಿಯಲ್ಲಿ ಹೊರಳಿಸಿ, ನೆರಳಲ್ಲಿ ಆರಿಸಿ ಬಿತ್ತಿ. ಇನ್ನೊಂದು ಪಾಲಿಗೆ ಬರೀ ಬೀಜ. ಎರಡಕ್ಕೂ ಬೇರೆ ಗೊಬ್ಬರ ಹಾಕಬಾರದು. ಪೊಟ್ಟಣ ಬಿಸಿಲಿಗೆ ಇಡಬೇಡಿ. ಅಷ್ಟೇ.

ನಿಮ್ಮ,
ಕಡ್ಡಿ

ಜೂನ್ ೧೬

ನನ್ನ ಕಡ್ಡಿಗೆ ಆಶೀರ್ವಾದ.

ಅತಿ ಕೆಟ್ಟ ಮಣ್ಣು ನಮ್ಮದೇ ಅಂತ ಹೊಗಳಿದ್ದೀಯಲ್ಲ, ಅದನ್ನ ನಿಮ್ಮಣ್ಣನಿಗೆ ಓದಿ ಹೇಳಿದೆ. "ಹೂಂ" ಅಂದರು.

ನಿನ್ನ ಹುಳಗಳು ಸುಖವಾಗಿ ಬಂದವು. ಹುಳ ಅನ್ನಬೇಡಿ ಅಂತ ನೀನು ಮೂತಿ ಉಬ್ಬಿಸ್ತೀಯ, ಗೊತ್ತು. ಕಣ್ಣಿಗೆ ಕಾಣದೇ ಇರೋದಕ್ಕೆ ನಾನು ಇನ್ನೇನು ಅನ್ನಲಿ? ಪೊಟ್ಟಣ ನೀರಿನ ಮಡಕೆ ಪಕ್ಕ ತಣ್ಣಗೆ ಇಟ್ಟಿದ್ದೆ. ಅದರ ಹತ್ತಿರ ಬೆಂಕಿ ಕಡ್ಡಿ ಗೀರೋಕೂ ನಿಮ್ಮಣ್ಣನಿಗೆ ಬಿಡಲಿಲ್ಲ. ನೀನು ಹುಟ್ಟಿದಾಗ ನಿಮ್ಮಮ್ಮ ಇಷ್ಟು ಜೋಪಾನ ಮಾಡಿದ್ದರೋ ಇಲ್ಲವೋ.

ಪುಡಿ ಪೂರ್ತಿ ಮುಗಿಸಿ ಬಿತ್ತಿದ್ದಾಯಿತು. ಕೆಳಗಿನ ಪಾಲು ಬರೀ ಬೀಜದ್ದು, ಮೇಲಿನ ಪಾಲು ನಿನ್ನದು. ನಿನ್ನ ಪಾಲಿನ ತುದಿಗೆ ಆ ದೊಡ್ಡ ಬಂಡೆ ಇದೆಯಲ್ಲ, ನೀನು ಮುನಿಸಿಕೊಂಡಾಗ ಹೋಗಿ ಕೂರ್ತಿದ್ದದ್ದು, ಅದರ ಹಿಂದೆ ಗೋಡೆಗೂ ಬಂಡೆಗೂ ನಡುವೆ ಒಂದು ಸಾಲಿನಷ್ಟು ಜಾಗ ಖಾಲಿ ಇತ್ತು. ಬೀಜ ಮಿಕ್ಕಿತ್ತು. ನಿನ್ನ ಪುಡಿ ಹಚ್ಚಿದ ಬೀಜ ಎಸೆಯೋಕೆ ಮನಸ್ಸು ಬರದೆ ಅಲ್ಲೂ ಊರಿದೆ. ಆ ಮೂಲೆಯಲ್ಲಿ ನೀರಿನ ತೊಟ್ಟಿ ಕಟ್ಟಬೇಕು ಅಂತ ನಿಮ್ಮಣ್ಣ ಮೂರು ವರ್ಷದಿಂದ ಹೇಳ್ತಿದ್ದಾರೆ. ಅವರು ಗುದ್ದಲಿ ಎತ್ತೋ ಹೊತ್ತಿಗೆ ಬೀನ್ಸು ಬಂದು, ಕಾಯಿ ಕಿತ್ತು, ತಿಂದೂ ಆಗಿರುತ್ತೆ ಬಿಡು.

ಸರಿಯಾಗಿ ಊಟ ಮಾಡು, ಹುಡುಗಿ.

ನಿನ್ನ ಅತ್ತಿಗೆ

ಜುಲೈ ೪

ಕಡ್ಡಿ,

ಇದು ಓದಿ ಗಾಬರಿ ಆಗಬೇಡ. ನನಗೆ ಗಾಬರಿಯಾಗಿದೆ, ಅಷ್ಟು ಸಾಕು.

ಗಿಡಗಳು ಚೆನ್ನಾಗಿಯೇ ಎದ್ದವು. ಎರಡೂ ಪಾಲು ಒಂದೇ ಸಮ. ಈಗ ನಾಲ್ಕು ದಿನದಿಂದ ಹಳದಿಗೆ ತಿರುಗಿವೆ. ಕೆಳಗಿನದ್ದು ಹಳದಿ ಆಗೋದು ಸರಿ, ಅದಕ್ಕೆ ಗತಿ ಇಲ್ಲ. ನಿನ್ನ ಪಾಲೂ ಹಳದಿ. ಒಂದಕ್ಕೂ ಇನ್ನೊಂದಕ್ಕೂ ಒಂದಿಷ್ಟೂ ವ್ಯತ್ಯಾಸ ಇಲ್ಲ. ಬೆಳಿಗ್ಗೆ ಎದ್ದ ತಕ್ಷಣ ಹೋಗಿ ನೋಡ್ತೀನಿ, ನೆರಳಿಗೋ ಬಿಸಿಲಿಗೋ ಹಾಗೆ ಕಾಣುತ್ತೇನೋ ಅಂತ ಸುತ್ತು ಹಾಕಿ ನೋಡ್ತೀನಿ. ಹಳದಿಯೇ.

ನಾನು ಈ ಮನೆಗೆ ಬಂದಾಗ ನಿನಗೆ ಒಂಬತ್ತು ವರ್ಷ. ತಾಯಿ ಹೋಗಿ ಆರು ತಿಂಗಳಾಗಿತ್ತು. ಬಾಗಿಲ ಹಿಂದೆ ನಿಂತು ನನ್ನನ್ನೇ ನೋಡ್ತಿದ್ದೆ, ಊಟಕ್ಕೆ ಕರೆದರೆ ಹಸಿವಿಲ್ಲ ಅಂತಿದ್ದೆ. ಆ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ಈ ಗಿಡಗಳಿಗೆ ಅದೇ ಮುಖ ಬಂದಿದೆ, ಕಡ್ಡಿ. ನೋಡೋಕಾಗ್ತಿಲ್ಲ.

ಏನು ಮಾಡಲಿ, ಬೇಗ ಕಾಗದ ಬರೆ.

ಅತ್ತಿಗೆ

ಜುಲೈ ೯

ಅತ್ತಿಗೆ,

ಪತ್ರ ಈಗ ತಾನೇ ಸಿಕ್ಕಿತು. ನಿಂತ ಕಾಲಲ್ಲೇ ಬರೀತಿದ್ದೀನಿ. ಹೆದರಬೇಡಿ, ಇದು ಹೀಗೇ ಆಗಬೇಕು. ಮೊದಲೇ ಹೇಳಬೇಕಿತ್ತು. ನಮಗೆ ಇದು ದಿನಾ ನೋಡೋ ವಿಷಯ, ಹೇಳಬೇಕು ಅಂತಲೇ ಹೊಳೆಯಲಿಲ್ಲ.

ಬೀಜದೊಳಗಿನ ಬುತ್ತಿ ಖಾಲಿಯಾದಾಗ ಗಿಡ ಹಸಿಯುತ್ತೆ. ಹಸಿದಾಗ ಮಾತ್ರ ಅದು ಬೇರಿಂದ ಬ್ಯಾಕ್ಟೀರಿಯಾವನ್ನು ಕರೆಯುತ್ತೆ, ಒಳಗೆ ಬಿಟ್ಟುಕೊಳ್ಳುತ್ತೆ. ಗಂಟು ಕಟ್ಟೋಕೆ ಇನ್ನೂ ಒಂದೆರಡು ವಾರ ಬೇಕು. ಅಲ್ಲೀವರೆಗೆ ಹಳದಿಯಾಗೇ ಇರುತ್ತೆ, ಆಮೇಲೆ ತಾನೇ ಹಸಿರಾಗುತ್ತೆ. ಆಗ ಬೇರು ಕಿತ್ತು ಗಂಟನ್ನು ಉಗುರಲ್ಲಿ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ.

ಈಗ ಏನೂ ಕೊಡಬೇಡಿ. ಒಂದು ಚಿಟಿಕೆ ಯೂರಿಯಾ ಕೂಡ ಬೇಡ. ಕೂತಲ್ಲೇ ಊಟ ಸಿಕ್ಕಿದ್ರೆ ಗಿಡ ಬ್ಯಾಕ್ಟೀರಿಯಾಗೆ ಬಾಗಿಲೇ ತೆಗೆಯಲ್ಲ. ಕಷ್ಟ ಅಂತ ಗೊತ್ತು. ಕೈ ಕಟ್ಟಿಕೊಂಡು ನಿಂತಿರಿ, ನನಗೋಸ್ಕರ.

ಕಡ್ಡಿ

ಜುಲೈ ೧೮

ನನ್ನ ಕಡ್ಡಿಗೆ,

ನಿನ್ನಿಂದ ಕಾಗದ ಬರಲೇ ಇಲ್ಲ. ಆಮೇಲೆ ಗೊತ್ತಾಯಿತು, ಹಾಲಿನ ವ್ಯಾನು ಕೆಟ್ಟು ಪೇಟೆಯ ಗ್ಯಾರೇಜಿನಲ್ಲಿ ಬಿದ್ದಿದೆಯಂತೆ. ಹಾಲನ್ನು ಯಾರದ್ದೋ ಟ್ರ್ಯಾಕ್ಟರಲ್ಲಿ ಸಾಗಿಸ್ತಿದ್ದಾರೆ. ಇದನ್ನ ಪೇಟೆ ಕಡೆ ಹೋಗೋ ಪಕ್ಕದ ಹೊಲದವರ ಕೈಲಿ ಕೊಡ್ತಿದ್ದೀನಿ.

ಈಗ ಒಳ್ಳೇ ಸುದ್ದಿ ಕೇಳು. ನಿನ್ನ ಪಾಲು ಹಸಿರಾಯಿತು. ಸುಮ್ಮನೆ ಹಸಿರಲ್ಲ, ಕಡು ಹಸಿರು. ಕೆಳಗಿನ ಪಾಲು ಹಾಗೇ ಸೊರಗಿ ನಿಂತಿದೆ. ಮಧ್ಯೆ ಗೆರೆ ಎಳೆದಂಗೆ ಕಾಣುತ್ತೆ. ದಾರಿಹೋಕರು ನಿಂತು ನೋಡಿ ಏನು ಹಾಕಿದ್ರಿ ಅಂತ ಕೇಳ್ತಾರೆ. ನಮ್ಮ ಹುಡುಗಿಯ ಪುಡಿ ಅಂತೀನಿ.

ನಂಬಲ್ಲ ನೀನು ಅಂತ ಒಂದು ಎಲೆ ಕಿತ್ತು ಕಾಗದದ ಮಡಿಕೆಯೊಳಗೆ ಇಟ್ಟಿದ್ದೀನಿ. ನಿಮ್ಮ ಸಾಹೇಬರ ಮೂಗಿನ ಮುಂದೆ ಹಿಡಿ. ಇನ್ನು ನೆಮ್ಮದಿಯಾಗಿ ನಿದ್ದೆ ಮಾಡು.

ಅತ್ತಿಗೆ

ಜುಲೈ ೨೩

ಅತ್ತಿಗೆ,

ಎಲೆ ಬಂತು. ಕವರು ಒಡೆದು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ, ಕಣ್ಣಲ್ಲಿ ನೀರು ಬಂತು. ಪಕ್ಕದ ಮೇಜಿನವರು ಮನೇಲಿ ಯಾರಿಗಾದ್ರೂ ಏನಾದ್ರೂ ಆಯ್ತಾ ಅಂತ ಕೇಳಿದ್ರು. ಹನ್ನೊಂದು ವರ್ಷ ಆ ಟ್ಯೂಬುಗಳನ್ನು ತಿಂಗಳು ತಿಂಗಳು ಹೊಸ ಆಹಾರಕ್ಕೆ ಬದಲಾಯಿಸಿ ಬದುಕಿಸಿದ್ದೀನಿ. ಮದುವೆ ಯಾಕೆ ಆಗಲಿಲ್ಲ ಅಂತ ನೀವು ಕೇಳೋದು ಬಿಟ್ಟು ಎಷ್ಟೋ ಕಾಲವಾಯ್ತು. ಯಾರಾದ್ರೂ ಕೇಳಿದ್ರೆ ಹೊಲದಿಂದ ಇಂಥದ್ದೇ ಒಂದು ಎಲೆ ಕಿತ್ತು ತೋರಿಸಿ ಅತ್ತಿಗೆ.

ಇವತ್ತೇ ಮೀಟಿಂಗ್ ಇತ್ತು. ನೀವು ಹೇಳಿದ ಹಾಗೇ ಮಾಡಿದೆ, ಎಲೆಯನ್ನ ಸಾಹೇಬರ ಮುಂದೆ ಇಟ್ಟೆ. ಪಾಪ, ಒಳ್ಳೆಯವರೇ, ಸಂತೋಷಪಟ್ಟರು. ಪಟ್ಟಿಗೆ ಸೇರಿಸೋಣ, ಅದಕ್ಕೆ ಮುಂಚೆ ನಮ್ಮ ಇಬ್ಬರು ಹೋಗಿ ಬೇರು ಕಿತ್ತು ನೋಡಿ ಬರಲಿ ಅಂದರು. ಇದು ಬರೀ ಪದ್ಧತಿ. ಆಗಸ್ಟ್ ಹನ್ನೆರಡಕ್ಕೆ ಬರ್ತಾರೆ. ಒಂದು ಲೋಟ ಟೀ ಕೊಡಿ, ಸಾಕು.

ನಿಮ್ಮ ಕಡ್ಡಿ

ಆಗಸ್ಟ್ ೧

ಕಡ್ಡಿ,

ವ್ಯಾನು ರಿಪೇರಿಯಾಗಿ ಬಂತು. ವ್ಯಾನಿನವನು ನಿನ್ನ ಎರಡು ಕಾಗದ ಒಟ್ಟಿಗೆ ತಂದುಕೊಟ್ಟ, ಒಂಬತ್ತನೇ ತಾರೀಖಿಂದು ಒಂದು, ಇಪ್ಪತ್ತಮೂರಿಂದು ಒಂದು.

ಆ ಇಬ್ಬರು ಬರೋದನ್ನ ಮುಂದಕ್ಕೆ ಹಾಕೋಕೆ ಆಗುತ್ತಾ? ಒಂದು ತಿಂಗಳು, ಒಂದೂವರೆ ತಿಂಗಳು. ಇಲ್ಲಿ ಸ್ವಲ್ಪ ತೊಂದರೆ ಇದೆ.

ಅತ್ತಿಗೆ

ಆಗಸ್ಟ್ ೬

ಅತ್ತಿಗೆ,

ನಿಮ್ಮ ತೊಂದರೆ ಏನು ಅಂತ ನನಗೆ ಗೊತ್ತಿಲ್ವಾ? ಗೋಡೆಗೆ ಸುಣ್ಣ ಹೊಡೆಸಿಲ್ಲ, ಕುರ್ಚಿ ಕಾಲು ಮುರಿದಿದೆ, ಅಣ್ಣ ಬನಿಯನ್ನಲ್ಲೇ ಓಡಾಡ್ತಾರೆ. ಅವರು ಮನೆ ನೋಡೋಕೆ ಬರ್ತಿಲ್ಲ, ಬೇರು ನೋಡೋಕೆ. ಬೇರು ಅಂದವಾಗಿದ್ರೆ ಸಾಕು.

ಮುಂದಕ್ಕೆ ಹಾಕೋ ಹಾಗಿಲ್ಲ. ಹದಿನೈದಕ್ಕೆ ಸಾಮಾನು ಸಾಗಿಸೋಕೆ ಶುರು ಮಾಡ್ತಾರೆ. ಪಟ್ಟಿಯಲ್ಲಿ ಇಲ್ಲದ್ದನ್ನ ಅಷ್ಟರಲ್ಲಿ ಬೇಯಿಸಿಬಿಡ್ತಾರೆ. ಧೈರ್ಯವಾಗಿರಿ.

ಕಡ್ಡಿ

ಆಗಸ್ಟ್ ೧೩

ಕಡ್ಡಿ,

ಇದನ್ನ ಕೂತು ಓದು.

ನಿನ್ನ ಕಾಗದ ಬರದೇ ಇದ್ದಾಗ ನಾನು ಆ ಗಿಡಗಳಿಗೆ ಯೂರಿಯಾ ಕೊಟ್ಟೆ. ಜೋಳಕ್ಕೆ ಅಂತ ತಂದಿದ್ದು ಕೊಟ್ಟಿಗೆಯಲ್ಲಿತ್ತು. ನೀರಲ್ಲಿ ಕರಗಿಸಿ ಬಿಂದಿಗೆಯಲ್ಲಿ ನಿನ್ನ ಪಾಲಿಗೆ ಮಾತ್ರ ಹಾಕಿದೆ. ಗೊಬ್ಬರ ಬೇಡ ಅಂತ ನೀನು ಮೊದಲ ಕಾಗದದಲ್ಲೇ ಬರೆದಿದ್ದೆ. ಮರೆತು ಹಾಕಿದ್ದಲ್ಲ. ಇವು ಸತ್ತರೆ ನಿನ್ನವನ್ನೂ ಸಾಯಿಸಿಬಿಡ್ತಾರೆ ಅಂತ ಹಾಕಿದೆ. ನಿನ್ನ ಹುಳಗಳು ಕೆಲಸ ಶುರು ಮಾಡೋ ತನಕ ನಾಲ್ಕು ತುತ್ತು ನಾನು ಹಾಕಿದರೆ ಏನಾಗುತ್ತೆ ಅಂದುಕೊಂಡೆ. ಹಸಿರಾದಾಗ ಕುಣಿದಾಡಿದೆ. ನಿನ್ನ ಕಾಗದ ಓದಿದ ಮೇಲೆ ಗೊತ್ತಾಯಿತು, ಬಾಗಿಲು ಮುಚ್ಚಿದ್ದು ನಾನೇ.

ನಿನ್ನೆ ಅವರು ಬಂದರು. ಪಾಲಿನ ನಡುವಿಂದ ಹತ್ತು ಹನ್ನೆರಡು ಗಿಡ ಕಿತ್ತು ತೊಳೆದು ನೋಡಿದರು. ಬೇರು ಬೋಳು. ಒಂದು ಗಂಟಿಲ್ಲ. ಇಬ್ಬರಲ್ಲಿ ಕನ್ನಡಕ ಹಾಕಿದ್ದವರು ಎಲೆ ಮುಟ್ಟಿ ನೋಡಿ ನನ್ನನ್ನ ಏನೋ ಕೇಳಿದರು. ಯೂರಿಯಾ ಅನ್ನೋದು ತುಟಿಯಲ್ಲೇ ತಿಳಿಯಿತು. ಹೌದು ಅಂದರೆ ನಿನ್ನ ಕಥೆ ಮುಗಿಯುತ್ತೆ ಅಂತ ಹೆದರಿ, ಕಿವಿ ಕೇಳಿಸಲ್ಲ ಅಂತ ಸನ್ನೆ ಮಾಡಿ ಒಳಗೆ ಹೋಗಿ ಟೀ ತಂದೆ. ಅವರು ಟೀ ಕುಡಿಯಲಿಲ್ಲ.

ಕಾರು ಇಳಿದು ಹೋದ ಮೇಲೆ ಎಲ್ಲಿ ಕೂರೋದು ತಿಳಿಯದೆ ಬಂಡೆ ಹತ್ತಿರ ಹೋದೆ. ಹಿಂದಿನ ಸಾಲು ನೆನಪಾಯಿತು. ಅಲ್ಲಿಗೆ ಬಿಂದಿಗೆ ಹಿಡಿದು ನುಗ್ಗೋಕೆ ಜಾಗ ಇಲ್ಲ, ಆ ಸಾಲಿಗೆ ನಾನು ಏನೂ ಹಾಕಿರಲಿಲ್ಲ. ಗಿಡ ಗಿಡ್ಡಗಿವೆ, ಆದರೆ ತಿಳಿ ಹಸಿರಾಗಿವೆ. ಒಂದನ್ನ ಕಿತ್ತೆ. ಬೇರಿನ ತುಂಬ ಗಂಟು, ಸಾಸಿವೆಯಷ್ಟು, ಮೆಣಸಿನಷ್ಟು. ಉಗುರಲ್ಲಿ ಸೀಳಿದೆ. ಗುಲಾಬಿ. ಮಕ್ಕಳ ಒಸಡಿನ ಬಣ್ಣ. ಗಿಡ ಕೈಲಿ ಹಿಡಿದು ರಸ್ತೆ ತನಕ ಓಡಿದೆ. ಕಾರು ಎರಡು ತಿರುವು ಕೆಳಗಿತ್ತು. ಕೂಗಿದೆ. ನನ್ನ ಕೂಗು ಎಷ್ಟು ದೂರ ಹೋಯಿತೋ, ನನಗೇ ಕೇಳಿಸಲ್ಲ.

ಆ ಬೇರುಗಳನ್ನ ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಕಳಿಸಿದ್ದೀನಿ. ಸಾಹೇಬರಿಗೆ ತೋರಿಸು. ತಪ್ಪು ಅತ್ತಿಗೇದು ಅಂತ ಹೇಳು. ನಿಮ್ಮಣ್ಣ ತೊಟ್ಟಿಗೆ ಸಿಮೆಂಟು ತಂದಿಟ್ಟಿದ್ದಾರೆ. ನೀನು ಹೇಳೋ ತನಕ ಆ ಮೂಲೆಗೆ ಗುದ್ದಲಿ ತಾಗಿಸೋಕೆ ಬಿಡಲ್ಲ.

ನಾನು ಹಾಕಿದ್ದೇ ನಿನ್ನ ಬಾಯಿಗೆ ಮಣ್ಣಾಯಿತಲ್ಲ.

ಅತ್ತಿಗೆ

ಆಗಸ್ಟ್ ೨೦

ಅತ್ತಿಗೆ,

ಇದನ್ನ ನಿಮಗೆ ಕಳಿಸಲ್ಲ ಅಂತ ಗೊತ್ತಿದ್ದೇ ಬರೀತಿದ್ದೀನಿ. ಎಲ್ಲಾದ್ರೂ ಒಂದು ಕಡೆ ನಿಜ ಹೇಳದಿದ್ರೆ ನನಗೆ ಉಸಿರು ಕಟ್ಟುತ್ತೆ.

ಡಬ್ಬಿ ನಿನ್ನೆ ಬಂತು. ವ್ಯಾನಿನವನು ಜೋಪಾನ ಅಂತ ತನ್ನ ಸೀಟಿನ ಪಕ್ಕ, ಎಂಜಿನ್ನಿನ ಮೇಲೆ ಇಟ್ಟುಕೊಂಡು ಬಂದಿದ್ದ. ಬೇರುಗಳು ಬೆಂದು ಕಪ್ಪು ಲೋಳೆಯಾಗಿದ್ದವು. ಅದರಿಂದ ಏನನ್ನೂ ಎತ್ತೋಕೆ ಆಗಲಿಲ್ಲ. ಎತ್ತಿದ್ರೂ ಎಲ್ಲಿ ಇಡಲಿ? ಟ್ಯೂಬುಗಳು ಹದಿನಾಲ್ಕಕ್ಕೇ ಹೋದವು. ಅವನ್ನ ಬೇಯಿಸೋ ದೊಡ್ಡ ಕುಕ್ಕರಿಗೆ ನಾನೇ ಇಟ್ಟೆ. ಬೇರೆಯವರ ಕೈಗೆ ಕೊಡೋಕೆ ಮನಸ್ಸಾಗಲಿಲ್ಲ. ಸಿಳ್ಳೆ ಹೊಡೆಯೋ ತನಕ ಅಲ್ಲೇ ನಿಂತಿದ್ದೆ.

ನೀವು ಅವತ್ತು ಹೌದು, ಹಾಕಿದ್ದೀನಿ ಅಂದಿದ್ರೆ, ಪ್ರಯೋಗ ಕೆಟ್ಟಿದೆ, ಮುಂದಿನ ಹಂಗಾಮಿಗೆ ನೋಡೋಣ ಅಂತ ಬರೀತಿದ್ರು. ನೀವು ಬಾಯಿ ಬಿಡಲಿಲ್ಲ. ಅವರು ಬಂದು ಹೇಳಿದ್ದು, ನಾನು ಯೂರಿಯಾ ಹಾಕಿಸಿ ಎಲೆ ತಂದು ತೋರಿಸಿದೆ ಅಂತ. ಸಾಹೇಬರು ಬೈಯಲಿಲ್ಲ. ಆ ಎಲೆಯನ್ನ ನನ್ನ ಕಡೆ ಸರಿಸಿದ್ರು, ಅಷ್ಟೇ. ಈಗ ಇನ್ನೊಂದು ಸಲ ನೋಡಿದ್ರೆ ಯಾವ ಕುರುಡಿಗೂ ಗೊತ್ತಾಗುತ್ತೆ, ಅದು ಯೂರಿಯಾ ಹಸಿರು. ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು. ನನಗೆ ಅದು ಬೇಕಾಗಿತ್ತು, ಅದಕ್ಕೇ ಕಾಣಲಿಲ್ಲ.

ನನ್ನನ್ನ ಬೀಜ ಪರೀಕ್ಷೆ ವಿಭಾಗಕ್ಕೆ ಹಾಕಿದ್ದಾರೆ. ತಟ್ಟೆಯಲ್ಲಿ ಎಷ್ಟು ಮೊಳಕೆ ಬಂತು ಅಂತ ಎಣಿಸೋದು.

ಸಿಟ್ಟು ಬರ್ತಿದೆ ಅತ್ತಿಗೆ. ನಿಮ್ಮ ಮೇಲೆ ಬರ್ತಿದೆ. ಸಿಟ್ಟು ಬಂದ ತಕ್ಷಣ, ಬಾಗಿಲ ಹಿಂದೆ ನಿಂತಿದ್ದ ನನಗೆ ನೀವು ಕೈತುತ್ತು ಹಾಕಿದ್ದು ನೆನಪಾಗುತ್ತೆ, ಸಿಟ್ಟನ್ನ ಎಲ್ಲಿ ಇಡಬೇಕು ಅಂತ ತಿಳಿಯಲ್ಲ.

ಗಂಟು ಕಟ್ಟದ ಪಾಲಿನ ಮಣ್ಣಲ್ಲಿ ಅದು ಉಳಿದಿರಲ್ಲ, ಈಗ ನನ್ನ ಬ್ಯಾಕ್ಟೀರಿಯಾ ಇರೋದು ಬಂಡೆಯ ಹಿಂದಿನ ಸಾಲಲ್ಲಿ ಮಾತ್ರ. ಆ ಮಣ್ಣನ್ನ ಮುಟ್ಟಬೇಡಿ ಅಂತ ನಿಮಗೆ ಬರೀಬೇಕು. ಬರೆದ್ರೆ ಇಲ್ಲಿ ಏನೂ ಉಳಿದಿಲ್ಲ ಅಂತ ನಿಮಗೆ ಹೊಳೆದುಬಿಡುತ್ತೆ. ಆಮೇಲೆ ನೀವು ಅನ್ನ ಮುಟ್ಟಲ್ಲ, ನನಗೆ ಗೊತ್ತು. ಅಣ್ಣ ಮೂರು ವರ್ಷದಿಂದ ತೊಟ್ಟಿ ಅಂತಲೇ ಇದ್ದಾರೆ, ಇನ್ನೆರಡು ತಿಂಗಳಲ್ಲಿ ಏನು ಕಟ್ಟಿಬಿಡ್ತಾರೆ? ನವೆಂಬರಿನಲ್ಲಿ ರಜಾ ಸಿಗುತ್ತೆ. ನಾನೇ ಬಂದು ಒಂದು ಚೀಲ ಮಣ್ಣು ತುಂಬಿಕೊಂಡು ಬರ್ತೀನಿ. ನಿಮಗೆ ಏನೂ ತಿಳಿಯೋದು ಬೇಡ.

ಆಗಸ್ಟ್ ೨೧

ಅತ್ತಿಗೆಗೆ ನಮಸ್ಕಾರ,

ಬೇರುಗಳು ಕಿತ್ತ ಹಾಗೇ ತಾಜಾ ಇದ್ದವು. ಒಳಗೆ ನೀವು ಹೇಳಿದ ಗುಲಾಬಿಯೇ. ಸಾಹೇಬರಿಗೆ ತೋರಿಸಿ ನಡೆದದ್ದು ಹೇಳಿದೆ. ಇಂಥ ಅತ್ತಿಗೆ ನಮಗೂ ಇರಬೇಕಿತ್ತು ಅಂತ ನಕ್ಕರು. ಎಲ್ಲಾ ಹೊಸ ಕಟ್ಟಡದಲ್ಲಿ ಭದ್ರವಾಗಿದೆ, ಯಾವುದಕ್ಕೂ ಚಿಂತೆ ಬೇಡ.

ನೀವು ನನ್ನ ಬಾಯಿಗೆ ಅನ್ನ ಬಿಟ್ಟು ಬೇರೆ ಏನೂ ಹಾಕಿಲ್ಲ. ಇನ್ನೊಂದು ಸಲ ಆ ಮಾತು ಬರೆದ್ರೆ ಬಂಡೆ ಮೇಲೆ ಹೋಗಿ ಕೂತುಬಿಡ್ತೀನಿ. ನವೆಂಬರಿನಲ್ಲಿ ಬರ್ತೀನಿ.

ಕಡ್ಡಿ

ಸೆಪ್ಟೆಂಬರ್ ೧೧

ನನ್ನ ಕಡ್ಡಿಗೆ,

ನಿನ್ನ ಕಾಗದ ಬಂದ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ. ಅಲ್ಲೀತನಕ ತಟ್ಟೆ ಮುಂದೆ ಕೂತು ಹಾಗೇ ಎದ್ದುಬಿಡ್ತಿದ್ದೆ. ನಿಮ್ಮಣ್ಣನಿಗೆ ಜೋರಾಗಿ ಓದಿ ಹೇಳಿದೆ. ಅವರು "ಹೂಂ" ಅನ್ನಲಿಲ್ಲ. "ನಮ್ಮ ಹುಡುಗಿ ಗೆದ್ದಳು" ಅಂದರು. ಮೂರು ಪದ, ಲೆಕ್ಕ ಮಾಡಿಕೋ.

ಆ ಖುಷಿಗೋ ಏನೋ ಮನುಷ್ಯನಿಗೆ ಮೈಯಲ್ಲಿ ಹುರುಪು ಬಂದುಬಿಟ್ಟಿದೆ. ನಿನ್ನದೆಲ್ಲ ಅಲ್ಲಿ ಭದ್ರವಾಗಿ ಸೇರಿತಲ್ಲ, ಇನ್ನು ಈ ಮೂಲೆಯನ್ನ ನಾನ್ಯಾಕೆ ಕಾಯಬೇಕು ಅಂತ ನಾನೂ ಸರಿ ಅಂದೆ. ಮಾರನೇ ದಿನವೇ ಗುದ್ದಲಿ ಹಿಡಿದರು. ಬಂಡೆಯನ್ನ ಒಡೆಸಿ, ಹಿಂದಿನ ಮಣ್ಣನ್ನ ಆಳುದ್ದ ತೆಗೆಸಿ ತೊಟ್ಟಿ ಕಟ್ಟಿಸಿದರು. ತಳಕ್ಕೆ, ಗೋಡೆಗೆ ಎಲ್ಲ ಸಿಮೆಂಟು. ಮಣ್ಣು ವ್ಯರ್ಥವಾಗಲಿಲ್ಲ, ತಿರುವಿನ ರಸ್ತೆಯ ಗುಂಡಿಗಳಿಗೆ ಹಾಕಿ ಮೇಲೆ ಜಲ್ಲಿ, ಟಾರು ಮೆತ್ತಿಸಿದರು. ಹಾಲಿನ ವ್ಯಾನಿನವನು ಈಗ ಕುಲುಕದೆ ಬರ್ತಾನೆ, ನಿನ್ನ ಪೊಟ್ಟಣ ಇನ್ನು ಮೆತ್ತಗೆ ಬರುತ್ತೆ. ನೀನು ಕೂರ್ತಿದ್ದ ಜಾಗ ಹೋಯಿತು ಅಂತ ಮುನಿಸಿಕೊಳ್ಳಬೇಡ, ತೊಟ್ಟಿ ಕಟ್ಟೆ ಅಗಲವಾಗಿದೆ, ಇಬ್ಬರೂ ಕೂರಬಹುದು.

ಒಂದು ಕೆಲಸ ಇದೆ ನಿನಗೆ. ಗುಲಾಬಿ ಗಂಟಿನ ಕಥೆ ನಾನು ಸುತ್ತಮುತ್ತ ಎಲ್ಲರಿಗೂ ಹೇಳಿದ್ದೀನಿ. ಗುಡ್ಡದ ಮೇಲೆ ಹುಳಿ ಮಣ್ಣು ಇರೋರೆಲ್ಲ ಬಂದು ನಮಗೂ ಬೇಕು ಅಂತಿದ್ದಾರೆ. ಯೂರಿಯಾ ತಂದವರನ್ನ ಹೊಲದೊಳಗೆ ಬಿಡಬೇಡಿ ಅಂತ ಅವರಿಗೆ ಪಾಠವನ್ನೂ ಹೇಳಿದ್ದೀನಿ. ಮುಂದಿನ ಬಿತ್ತನೆಗೆ ಎಂಟು ಮನೆಗೆ ಎಂಟು ಪೊಟ್ಟಣ, ನಮಗೆ ಒಂದು. ನವೆಂಬರಿನಲ್ಲಿ ಬರುವಾಗ ನೀನೇ ತಂದುಬಿಡು, ತಣ್ಣಗೆ ಮಡಕೆ ಪಕ್ಕ ಜಾಗ ಮಾಡಿದ್ದೀನಿ. ಈ ಸಲ ಗಿಡ ಎಷ್ಟೇ ಹಳದಿಯಾಗಲಿ, ಕೈ ಕಟ್ಟಿಕೊಂಡು ನಿಂತಿರ್ತೀನಿ.

ನಿನ್ನ ಅತ್ತಿಗೆ